ಅಣ್ಣ ಬ್ರೌನ್ ಶುಗರ್ ಬಿಟ್ಟಿದ್ದಾನೆ, ಇನ್ನು ಯಾವ ಟೆಸ್ಟ್ ಮಾಡಿಸಬೇಕು?

ಅಣ್ಣ ಮುಂಬೈ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅಲ್ಲೇ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಚಟ ಹತ್ತಿತು. ವರ್ಷಗಟ್ಟಲೆ ಪನ್ನಿ (ಬೆಳ್ಳಿ ಬಣ್ಣದ ಫಾಯಿಲ್ ಹಾಳೆ) ಮೇಲೆ ಕಾಯಿಸಿ ಹೊಗೆ ಸೇದಿದ, ಕೊನೆಗೆ ಸೂಜಿಯೂ ಆಯಿತು. ಈಗ ಬಿಟ್ಟು ಊರಿಗೆ ಬಂದಿದ್ದಾನೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಹಲ್ಲೆಲ್ಲ ಹಾಳು, ನಿದ್ದೆ ಇಲ್ಲ. ‘ಬಿಟ್ಟನಲ್ಲ, ಇನ್ನು ತಾನೇ ಸರಿಹೋಗುತ್ತದೆ’ ಅನ್ನುತ್ತಾರೆ ಅಮ್ಮ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹಿಂದೆ ಸೇದುತ್ತಿದ್ದವರು, ಉಡುಪಿ ಕಡೆ
ನಾನೂ ಮುಂಬೈ ಹೋಟೆಲಿನವನೇ. ಗರ್ದುಲ್ಲಾ (ಮುಂಬೈ ಭಾಷೆಯಲ್ಲಿ ಬ್ರೌನ್ ಶುಗರ್ ಚಟದವನು) ಅಂತ ಬೈಸಿಕೊಂಡವನು. ಸೂಜಿ ಅಂದಿರಲ್ಲ, ಹಾಗಾದರೆ ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರೂ ಮಾಡಿಸಿ. ‘ಸೂಜಿ ನನ್ನದೇ’ ಅಂದರೂ ನಂಬಬೇಡಿ. ಚಮಚ, ಹತ್ತಿ ಹಂಚಿಕೊಂಡರೂ ಸಿ ಅಂಟುತ್ತದೆ. ಅದು ಲಿವರ್ ತಿನ್ನುತ್ತಾ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ನನಗೆ ಪಾಸಿಟಿವ್ ಬಂದಾಗ ನಾನು ಚೆನ್ನಾಗಿ ಉಂಡುಕೊಂಡು ಓಡಾಡಿಕೊಂಡಿದ್ದೆ. ಮೊದಲ ಟೆಸ್ಟಿನಲ್ಲಿ ಬಂದರೆ ಗಾಬರಿಯಾಗಬೇಡಿ, ವೈರಸ್ ಈಗಲೂ ಇದೆಯಾ ಅಂತ ಇನ್ನೊಂದು ಟೆಸ್ಟ್ ಮಾಡುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರೆ ಉಚಿತ. ಹೆಚ್ಚಿನವರಿಗೆ 12 ವಾರದ ಕೋರ್ಸ್. ವಾಸಿಯಾಗುವ ಕಾಯಿಲೆ ಇದು.

ಗಂಡನನ್ನು ನೋಡಿಕೊಂಡವರು
ಏದುಸಿರಿಗೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಟೆಸ್ಟ್) ಕೇಳಿ. ಪನ್ನಿಯ ಹೊಗೆ, ಜೊತೆಗೆ ಬೀಡಿ, ಎರಡೂ ಸೇರಿ ಇವರ ಶ್ವಾಸಕೋಶ ಹಾಳಾಗಿತ್ತು. ಕೆಮ್ಮಿದ್ದರೆ ಕಫದ ಟಿಬಿ ಪರೀಕ್ಷೆಯೂ ಆಗಲಿ. ಬಿಟ್ಟೂ ಬಿಟ್ಟೂ ಜ್ವರ ಬರುತ್ತಿದ್ದರೆ ಸುಮ್ನೆ ಪ್ಯಾರಾಸಿಟಮಾಲ್ ನುಂಗಿಸಿ ಕೂರಿಸಬೇಡಿ. ಸೂಜಿಯಿಂದ ಹೃದಯದ ಕವಾಟಕ್ಕೆ ಸೋಂಕು ಹತ್ತಿರಬಹುದು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು.

ಲ್ಯಾಬಿಗೆ ಹೋಗುವಾಗ ನೀವೂ ಜೊತೆಗಿರಿ. ಇವರ ತೋಳಲ್ಲಿ ನರವೇ ಸಿಗಲಿಲ್ಲ. ಮುಟ್ಟಿದರೆ ಹಗ್ಗದ ಹಾಗೆ ಗಟ್ಟಿ. ಲ್ಯಾಬಿನ ಹುಡುಗಿ ಕೈ ತಿರುಗಿಸಿ, ತಟ್ಟಿ, ಕೊನೆಗೆ ಕಾಲಿನ ಪಾದದಿಂದ ರಕ್ತ ತೆಗೆದಳು. ಅಷ್ಟು ಹೊತ್ತೂ ಇವರು ಮುಖ ಆಚೆ ತಿರುಗಿಸಿಕೊಂಡಿದ್ದರು. ಆ ನಾಚಿಕೆಗೇ ಎಷ್ಟೋ ಜನ ಎರಡನೇ ಸಲ ಆಸ್ಪತ್ರೆ ಕಡೆ ಹೋಗುವುದಿಲ್ಲ.

ನರ್ಸ್
ಟೆಸ್ಟಿಗಿಂತ ಮುಖ್ಯವಾದ ಮಾತು. ಬಿಟ್ಟ ಮೇಲೆ ದೇಹದ ತಡೆದುಕೊಳ್ಳುವ ಶಕ್ತಿ ಬೇಗ ಇಳಿಯುತ್ತದೆ. ಯಾವತ್ತೋ ಒಂದು ದಿನ ಮನಸ್ಸು ಜಾರಿ ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಡಿ-ಅಡಿಕ್ಷನ್ ಸೆಂಟರಿನಿಂದ, ಜೈಲಿನಿಂದ ಹೊರಬಂದ ಮೊದಲ ವಾರಗಳೇ ಅಪಾಯ. ಕುಡಿತ ಅಥವಾ ನಿದ್ದೆ ಮಾತ್ರೆ ಸೇರಿದರೆ ಇನ್ನೂ ಕೆಟ್ಟದು. ಹಾಗಾಗಿ ನಿದ್ದೆ ಇಲ್ಲ ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತರಬೇಡಿ. ಕರೆದರೆ ಎಚ್ಚರವಾಗದೆ ಗೊರ ಗೊರ ಅಂತಿದ್ದರೆ, ತುಟಿ ನೀಲಿಯಾದರೆ, 108ಕ್ಕೆ ಫೋನ್ ಮಾಡಿ, ಮಗ್ಗುಲಿಗೆ ಮಲಗಿಸಿ. ‘ನಿದ್ದೆ ಮಾಡಲಿ ಬಿಡು’ ಅಂತ ಬಿಟ್ಟು ಹೋಗಬೇಡಿ. ಉಸಿರೇ ಇಲ್ಲದಿದ್ದರೆ ಫೋನಿನಲ್ಲಿ ಅವರು ಹೇಳಿದ ಹಾಗೆ ಮಾಡಿ. ನಲೋಕ್ಸೋನ್ ಇಂಜೆಕ್ಷನ್ ಸಮಯಕ್ಕೆ ಸಿಕ್ಕರೆ ಉಸಿರು ವಾಪಸ್ ಬರುತ್ತದೆ.

ಇನ್ನೊಬ್ಬರು
ಈ ಚಟದಿಂದ ಗಂಡಸರಿಗೆ ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನು) ಇಳಿದು ಸುಸ್ತು, ಲೈಂಗಿಕ ಆಸಕ್ತಿ ಇಲ್ಲದಿರುವುದು ಆಗಬಹುದು. ಅದನ್ನೂ ಡಾಕ್ಟರ ಹತ್ತಿರ ಕೇಳಿ. ಅಣ್ಣ ತಾನಾಗಿ ಹೇಳುವುದಿಲ್ಲ, ಅಲ್ವಾ?

ಉಡುಪಿಯವರೇ ಮತ್ತೆ
ಬ್ಯೂಪ್ರಿನಾರ್ಫಿನ್ ಮಾತ್ರೆ (ಬ್ರೌನ್ ಶುಗರ್ ಬದಲಿಗೆ ಡಾಕ್ಟರು ಕೊಡುವ ಅದೇ ಜಾತಿಯ ಔಷಧಿ) ಬಗ್ಗೆ ಯಾರೂ ಹೇಳಲಿಲ್ಲ. ನಾಲಿಗೆ ಕೆಳಗೆ ಇಡುವುದು. ‘ಒಂದು ಚಟ ಹೋಗಿ ಇನ್ನೊಂದು’ ಅಂತ ನಮ್ಮ ಮನೆಯಲ್ಲೂ ರಂಪ ಆಯಿತು. ಟರ್ಕಿಯ (ಬಿಟ್ಟಾಗ ಆಗುವ ಹಿಂಸೆಯ) ಮೈಕೈ ನೋವು, ಭೇದಿ, ಕಾಲು ಒದೆದುಕೊಳ್ಳುವುದು ಹೆಚ್ಚಿನವರಿಗೆ ವಾರದಲ್ಲಿ ತಗ್ಗುತ್ತದೆ. ಆಸೆ ಮಾತ್ರ ಬಹಳ ಕಾಲ ಇರುತ್ತದೆ. ಅದನ್ನು ಹಿಡಿದಿಟ್ಟಿದ್ದು ಆ ಮಾತ್ರೆಯೇ. ಅಣ್ಣನಿಗೆ ಬೇಕಾ ಅಂತ ಡಾಕ್ಟರು ನಿರ್ಧರಿಸಲಿ, ನೆಂಟರಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಹತ್ತಿರದ ಕೇಂದ್ರ ಬೇಕಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ ಕೇಳಿ.

ಹಲ್ಲಿನ ಡಾಕ್ಟರಿಗೂ ಮೊದಲೇ ವಿಷಯ ತಿಳಿಸಿ. ಹಲ್ಲು ಕೀಳಿಸಿದ ಮೇಲೆ ನೋವಿಗೆ ಟ್ರಮಡಾಲ್ (ಇದೂ ಬ್ರೌನ್ ಶುಗರ್ ಜಾತಿಯದೇ ನೋವಿನ ಮಾತ್ರೆ) ಬರೆದುಕೊಟ್ಟರೆ ಮತ್ತೆ ಅದೇ ದಾರಿ ತೆರೆದುಕೊಳ್ಳಬಹುದು. ಬೇರೆ ನೋವಿನ ಮಾತ್ರೆ ಕೇಳಿ ಬರೆಸಿಕೊಳ್ಳಿ.