ಹಸ್ಕಿ ಮಂಗಳೂರಿಗೆ ಆಗ್ತದಾ? ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಕದ್ರಿಯಲ್ಲಿ ಫ್ಲ್ಯಾಟ್. ಮಗಳಿಗೆ ಸೈಬೀರಿಯನ್ ಹಸ್ಕಿಯೇ ಬೇಕಂತೆ. ಮಾರುವವರು "ಇಲ್ಲೇ ಹುಟ್ಟಿದ ಮರಿ, ಸೆಕೆ ಅಭ್ಯಾಸ ಉಂಟು" ಅಂತಾರೆ. ಹೌದಾ?

ಡಾಕ್ಟರ್: ಮರಿ ಇಲ್ಲೇ ಹುಟ್ಟಿರಬಹುದು, ಮೈ ಮಾತ್ರ ಸೈಬೀರಿಯಾದ್ದೇ. ಅಲ್ಲಿನ ಈಶಾನ್ಯ ಮೂಲೆಯ ಚುಕ್ಚಿ ಜನ ಹಿಮದ ಮೇಲೆ ಗಾಡಿ ಎಳೆಸಲು ತಲೆತಲಾಂತರದಿಂದ ಸಾಕಿದ ನಾಯಿ ಅದು, ಕೂದಲು ಎರಡು ಪದರ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವ ಆರಿದರೇ ಅದಕ್ಕೆ ತಂಪು, ಇಲ್ಲಿ ಗಾಳಿಯಲ್ಲೇ ಅಷ್ಟು ನೀರು ತುಂಬಿರುವಾಗ ಆ ತೇವ ಆರುವುದಾದರೂ ಹೇಗೆ ಹೇಳಿ? ಮಳೆಗಾಲದಲ್ಲಿ ಒಳಪದರ ಒದ್ದೆಯಾಗಿಯೇ ಉಳಿದು ಚರ್ಮದ ತೊಂದರೆ ಬೇರೆ. ಸೆಕೆ ಅಂತ ಬೋಳಿಸಲೂಬೇಡಿ, ಬಿಸಿಲಿನಿಂದ ಕಾಯುವುದೂ ಅದೇ ಕೂದಲು. ಹಗಲಿಡೀ ಎಸಿ ಹಾಕಿದರೂ, ಓಡಿ ಬೆಳೆದ ತಳಿ ಫ್ಲ್ಯಾಟಿನಲ್ಲಿ ಸುಮ್ನೆ ಕೂರುವುದಿಲ್ಲ. ನನ್ನನ್ನು ಕೇಳಿದರೆ ಬೇಡ.

ಪ್ರಶ್ನೆ: ಲ್ಯಾಬ್ರಡಾರ್ ಕೂಡ ಚಳಿ ದೇಶದ್ದೇ ಅಲ್ವಾ ಸರ್? ನಮ್ಮ ಓಣಿಯಲ್ಲೇ ಎಷ್ಟೊಂದು ಉಂಟು!

ಡಾಕ್ಟರ್: ಹೌದು, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ್ದು. ಮೀನುಗಾರರ ಜೊತೆ ದೋಣಿಯಲ್ಲಿ ಹೋಗಿ ಬಲೆ ಎಳೆಯಲು ನೆರವಾಗುತ್ತಿದ್ದ ನಾಯಿಗಳ ಸಂತತಿ. ಮಲ್ಪೆಯಲ್ಲಿದ್ದಿದ್ದರೆ ಒಳ್ಳೆ ಕೆಲಸ ಸಿಗುತ್ತಿತ್ತು! ಅದನ್ನು ಬ್ರಿಟನ್ನಿನ ಶ್ರೀಮಂತರು ಬೇಟೆಗೆ ಪಳಗಿಸಿದರು, 1903ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ ತಳಿ ಅಂತ ಒಪ್ಪಿತು. ಹಸ್ಕಿಯಷ್ಟು ಕಷ್ಟವಿಲ್ಲ. ಆದರೆ ಹೊಟ್ಟೆಬಾಕ, ಬೊಜ್ಜು ಬಂದರೆ ಸೆಕೆ ತಡೆಯುವುದಿಲ್ಲ, ಹಾಗಾಗಿ ಬಿಸಿಲೇರುವ ಮೊದಲೇ ವಾಕಿಂಗ್ ಮುಗಿಸಿ. ಪಗ್ ಬಗ್ಗೆಯೂ ಯಾರಾದರೂ ಕೇಳುತ್ತೀರಿ: ಚೀನಾದ ಅರಮನೆಗಳಲ್ಲಿ ಸಾಕಿದ ನಾಯಿ, ಮೂಗು ತೀರಾ ಗಿಡ್ಡ, ಸೆಕೆಯಲ್ಲಿ ಉಸಿರಾಡುವುದೇ ಕಷ್ಟ.

ಪ್ರಶ್ನೆ: ಎಲ್ಲದಕ್ಕೂ ಬೇಡ ಅಂದ್ರೆ ಎಂತ ಸಾಕುವುದು ಮಾರಾಯ್ರೇ? ಸೆಕೆ ಊರಿನ ನಾಯಿ ಯಾವುದೂ ಇಲ್ವಾ?

ಡಾಕ್ಟರ್: ಉಂಟು. ಕಾಂಗೋ ಕಡೆಯ ಬಸೆಂಜಿ ಉಂಟು, ಬೊಗಳುವುದೇ ಅಪರೂಪ. ಆದರೆ ಅದನ್ನು ಎಲ್ಲಿಂದ ತರುವುದು? ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿಯೇ ಬಂತು, ಗಿಡ್ಡ ಕೂದಲು, ತೆಳ್ಳಗಿನ ಮೈ. ಅದು ಬಯಲಿನಲ್ಲಿ ಮೊಲ ಅಟ್ಟಿಸುವ ನಾಯಿ, ದೊಡ್ಡ ಹಿತ್ತಿಲಿದ್ದರೆ ಸರಿ, ಫ್ಲ್ಯಾಟಿಗಲ್ಲ.

ನಿಮಗೆ ನಾನು ಹೇಳುವುದು ಊರ ನಾಯಿ. ನಾಯಿಗಳು ತೋಳದಿಂದ ಬೇರೆಯಾಗಿ ಕಡಿಮೆಯೆಂದರೂ 15,000 ವರ್ಷ ಆಯಿತು, ಈಗ ಅಂಗಡಿಯಲ್ಲಿ ಕಾಣುವ ತಳಿಗಳಲ್ಲಿ ಹೆಚ್ಚಿನವು ಕಳೆದ ಇನ್ನೂರು ವರ್ಷದೊಳಗೆ ಜನ ಬೇಕಾದ ಹಾಗೆ ಆರಿಸಿ ಮಾಡಿಕೊಂಡವು. ಊರ ನಾಯಿಯನ್ನು ಚಂದಕ್ಕಾಗಿ ಯಾರೂ ಆರಿಸಲಿಲ್ಲ, ಇಲ್ಲಿನ ಮಳೆ ಸೆಕೆಯೇ ಆರಿಸಿತು. ಹಾಗಂತ ಕಾಯಿಲೆ ಬರುವುದಿಲ್ಲ ಅಂತಲ್ಲ. ಮೂರು ತಿಂಗಳಾದ ಕೂಡಲೇ ರೇಬೀಸ್ ಲಸಿಕೆ, ಹೊಟ್ಟೆಹುಳಕ್ಕೆ ಔಷಧಿ, ಉಣ್ಣಿ ಇದೆಯಾ ಅಂತ ಕಿವಿ, ಬೆರಳ ಸಂದು ನೋಡುತ್ತಿರಿ. ಮಗಳು ಒಪ್ಪದಿದ್ದರೆ ಕ್ಲಿನಿಕ್‌ಗೆ ಕರೆದುಕೊಂಡು ಬನ್ನಿ. ಮೇ ತಿಂಗಳಲ್ಲಿ ಬಂದರೆ ಜಾಸ್ತಿ ಮಾತೇ ಬೇಡ, ಏದುಸಿರು ಬಿಡುತ್ತಾ ಒಂದು ಹಸ್ಕಿಯಾದರೂ ಬಂದಿರುತ್ತದೆ.