35 ದಿನದ ಮುಟ್ಟಿನವರಿಗೆ 14ನೇ ದಿನದ ಲೆಕ್ಕ ಹೊಂದುತ್ತದೆಯೇ?

ಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ನನಗೆ 29 ವರ್ಷ, ನಮ್ಮ ಮನೆಯವರಿಗೆ 33. ಮದುವೆಯಾಗಿ ಮೂರು ವರ್ಷಗಳಾದವು. ಮಗು ಬೇಕೆಂದು ನಿಶ್ಚಯಿಸಿ ಹತ್ತು ತಿಂಗಳಾದರೂ ಇನ್ನೂ ನಿಂತಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಮುಟ್ಟಿನ ದಿನಕ್ಕೊಂದು ಚುಕ್ಕೆ ಇಡುವ ರೂಢಿ ನನಗೆ ಮೊದಲಿನಿಂದಲೂ ಇದೆ. ಈ ವರ್ಷದ ಚುಕ್ಕೆಗಳು ಜೂನ್ 3, ಜುಲೈ 7, ಆಗಸ್ಟ್ 11, ಸೆಪ್ಟೆಂಬರ್ 13 ಮತ್ತು ಅಕ್ಟೋಬರ್ 19ರಂದು ಬಿದ್ದಿವೆ. ಅಂದರೆ ಯಾವ ತಿಂಗಳೂ 33 ದಿನಕ್ಕಿಂತ ಮೊದಲು ಬಂದದ್ದಿಲ್ಲ, 36 ದಿನ ಮೀರಿದ್ದೂ ಇಲ್ಲ.

ಎಲ್ಲಿ ಓದಿದರೂ 14ನೇ ದಿನ ಅಂಡ ಬಿಡುಗಡೆಯಾಗುತ್ತದೆ ಎಂದಿರುವುದರಿಂದ ನಾವು 12ರಿಂದ 16ರವರೆಗಿನ ದಿನಗಳನ್ನು ತಪ್ಪಿಸದೆ ನೋಡಿಕೊಂಡೆವು. ಅತ್ತೆಯವರು ನಾಲ್ಕನೆಯ ದಿನದ ತಲೆಸ್ನಾನದಿಂದ ಲೆಕ್ಕ ಹಿಡಿಯಬೇಕೆಂದೂ, ಹದಿನಾರು ರಾತ್ರಿ ಕಳೆದ ಮೇಲೆ ಫಲವಿಲ್ಲವೆಂದೂ ಹೇಳುತ್ತಾರೆ. ಕಳೆದ ತಿಂಗಳು ಒಂದು ಆಸ್ಪತ್ರೆಯಲ್ಲಿ 21ನೇ ದಿನದ ರಕ್ತಪರೀಕ್ಷೆ ಎಂದು ಬರೆದುಕೊಟ್ಟರು. ಅಕ್ಟೋಬರ್ 3ರಂದು ಮಾಡಿಸಿದಾಗ ಪ್ರೊಜೆಸ್ಟೆರಾನ್ 0.8 ಬಂದಿತು. ಎರಡೇ ನಿಮಿಷದಲ್ಲಿ ಚೀಟಿ ನೋಡಿ, ಅಂಡವೇ ಬಿಡುಗಡೆಯಾಗುತ್ತಿಲ್ಲವೆಂದು ಹೇಳಿ ಮಾತ್ರೆ ಬರೆದರು. ನನ್ನ ತಿಂಗಳು ಎಷ್ಟು ದಿನದ್ದೆಂದು ಯಾರೂ ಕೇಳಲಿಲ್ಲ. ಮಾತ್ರೆಯನ್ನು ಇನ್ನೂ ಶುರು ಮಾಡಿಲ್ಲ. ತಿಂಗಳಿಗೊಮ್ಮೆ ಸರಿಯಾಗಿ ಮುಟ್ಟಾಗುವವಳಿಗೆ ಅಂಡ ಬಿಡುಗಡೆಯಾಗದೆ ಇರುವುದು ಸಾಧ್ಯವೇ? ನಮ್ಮ ದಿನ ಯಾವುದೆಂದು ಮನೆಯಲ್ಲಿಯೇ ತಿಳಿಯುವ ಉಪಾಯವಿದೆಯೇ?

ಉತ್ತರ 1: ನಿವೃತ್ತ ಶುಶ್ರೂಷಕಿ, ಸಾಗರ

ತಂಗಿ, ನಿಮ್ಮ ಐದು ಚುಕ್ಕೆಗಳು ಆ ರಕ್ತಪರೀಕ್ಷೆಗಿಂತ ಹೆಚ್ಚಿನದನ್ನು ಹೇಳುತ್ತಿವೆ. ಮುಟ್ಟಾದ ದಿನದಿಂದ ಅಂಡ ಬಿಡುಗಡೆಯವರೆಗಿನ ಕಾಲ ಒಬ್ಬೊಬ್ಬರಲ್ಲಿ ಒಂದೊಂದು ಉದ್ದವಿರುತ್ತದೆ. ಅಂಡ ಬಿಡುಗಡೆಯಾದ ಮೇಲೆ ಮುಂದಿನ ಮುಟ್ಟಿನವರೆಗಿನ ಕಾಲ ಮಾತ್ರ ಬಹುಮಟ್ಟಿಗೆ ಎಲ್ಲರಲ್ಲೂ 12ರಿಂದ 16 ದಿನಗಳೊಳಗೆ ನಿಲ್ಲುತ್ತದೆ. ಜಪಾನಿನ ವೈದ್ಯ ಕ್ಯುಸಾಕು ಒಗಿನೊ 1924ರಲ್ಲಿ ಪ್ರಕಟಿಸಿದ್ದು ಇದನ್ನೇ. ಆದ್ದರಿಂದ ಎಣಿಕೆಯನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಮಾಡುವುದಲ್ಲ, ಬರಲಿರುವ ಮುಟ್ಟಿನಿಂದ ಹಿಂದಕ್ಕೆ ಮಾಡಬೇಕು. 14ನೇ ದಿನ ಎಂಬುದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ಅದನ್ನು ಎಲ್ಲರ ತಲೆಗೂ ಕಟ್ಟಿದ್ದರಿಂದ ನಿಮ್ಮಂಥವರಿಗೆ ತೊಂದರೆಯಾಗಿದೆ.

ನಿಮ್ಮ ಕ್ಯಾಲೆಂಡರನ್ನೇ ತೆಗೆದುಕೊಳ್ಳಿ. ಅಕ್ಟೋಬರ್ 19ರ ಮುಟ್ಟಿನಿಂದ 14 ದಿನ ಹಿಂದಕ್ಕೆ ಹೋದರೆ ಅಕ್ಟೋಬರ್ 5 ಬರುತ್ತದೆ. ಪ್ರೊಜೆಸ್ಟೆರಾನ್ ಏರುವುದು ಅಂಡ ಹೊರಬಿದ್ದ ಮೇಲೆ, ಅದು ಇದ್ದ ಕೋಶ ಹಳದಿ ಬಣ್ಣಕ್ಕೆ ತಿರುಗಿ ಆ ಹಾರ್ಮೋನನ್ನು ಸ್ರವಿಸತೊಡಗಿದಾಗ. ನೀವು ರಕ್ತ ಕೊಟ್ಟದ್ದು 3ನೇ ತಾರೀಖು. ಅಂಡ ಬಹುಶಃ ಇನ್ನೂ ಬಿಡುಗಡೆಯಾಗಿರದ ದಿನ ಅದರ ಗುರುತನ್ನು ಹುಡುಕಿದರೆ 0.8 ಬಾರದೆ ಇನ್ನೇನು ಬರಬೇಕು? ಆ ಪರೀಕ್ಷೆಯನ್ನು ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ, ಅಂದರೆ 12ನೇ ತಾರೀಖಿನ ಆಸುಪಾಸಿನಲ್ಲಿ ಮಾಡಿಸಬೇಕಿತ್ತು. ಆಗ 3 ನ್ಯಾನೊಗ್ರಾಮಿಗಿಂತ ಹೆಚ್ಚು ಬಂದಿದ್ದರೆ ಅಂಡ ಬಿಡುಗಡೆಯಾಗಿದೆ ಎಂದು ಅರ್ಥ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ನಾನು ಇಲ್ಲಿಂದ ಹೇಳಲಾರೆ. ಚುಕ್ಕೆಗಳ ತಾರೀಖನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ವೈದ್ಯರ ಮುಂದಿಟ್ಟು ಕೇಳಿ.

ಇನ್ನು ದಿನಗಳ ವಿಚಾರ. ಅಂಡ ಹೊರಬಂದ ಮೇಲೆ 12ರಿಂದ 24 ಗಂಟೆ ಮಾತ್ರ ಬದುಕುತ್ತದೆ, ವೀರ್ಯಾಣುಗಳು ಅನುಕೂಲವಾದ ಲೋಳೆಯಲ್ಲಿ ಐದು ದಿನದವರೆಗೂ ಇರಬಲ್ಲವು. ಆದ್ದರಿಂದ ಗರ್ಭ ನಿಲ್ಲಬಹುದಾದ ದಿನಗಳೆಂದರೆ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನಗಳು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 221 ಮಹಿಳೆಯರು ದಿನವೂ ಮೂತ್ರದ ಮಾದರಿ ತೆಗೆದಿಟ್ಟು, 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಗರ್ಭ ನಿಂತದ್ದು ಈ ಆರು ದಿನಗಳಲ್ಲಿಯೇ. ಈ ಸಲ ನಿಮ್ಮ ಮುಟ್ಟು ನವೆಂಬರ್ 21ರಿಂದ 24ರೊಳಗೆ ಬರಬಹುದೆಂದು ಹಿಡಿದರೆ, ಅಂಡ ಬಿಡುಗಡೆ 7ರಿಂದ 10ರ ನಡುವೆ, ನಿಮ್ಮ ದಿನಗಳು 2ರಿಂದ 10ರವರೆಗೆ. ನೀವು ಇಷ್ಟು ತಿಂಗಳು ಕಾಯ್ದುಕೊಂಡ 12ರಿಂದ 16ನೇ ದಿನಗಳು ಈ ಸಲಕ್ಕೆ ಅಕ್ಟೋಬರ್ 30ರಿಂದ ನವೆಂಬರ್ 3ರವರೆಗೆ ಬರುತ್ತವೆ. ಊಟಕ್ಕೆ ಕರೆದವರು ಇನ್ನೂ ಎಲೆ ಹಾಕುವ ಮೊದಲೇ ಕೈ ತೊಳೆದು ಹೊರಟ ಹಾಗಾಗಿದೆ.

ಅತ್ತೆಯವರ ಹದಿನಾರು ರಾತ್ರಿ ಅವರು ಕಲ್ಪಿಸಿದ್ದಲ್ಲ. ಧರ್ಮಶಾಸ್ತ್ರದಲ್ಲಿ ಋತುಕಾಲವೆಂದು ಹೇಳುವುದು ಮುಟ್ಟಿನ ಮೊದಲ ನಾಲ್ಕು ರಾತ್ರಿಗಳೂ ಸೇರಿದ ಆ ಹದಿನಾರನ್ನೇ, ಮತ್ತು 28 ದಿನದವರಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ನಿಮಗೆ ಮಾತ್ರ ಆ ಹದಿನಾರನೆಯ ರಾತ್ರಿ ನವೆಂಬರ್ 3ಕ್ಕೇ ಮುಗಿಯುತ್ತದೆ, ನಿಮ್ಮ ಬಾಗಿಲು ತೆರೆಯುವುದೇ ಆಗ. ಎಣಿಕೆಯನ್ನು ತಲೆಸ್ನಾನದಿಂದಲ್ಲ, ರಕ್ತ ಕಂಡ ಮೊದಲ ದಿನವನ್ನು ಒಂದು ಎಂದು ಹಿಡಿದು ಮಾಡಿ. ವೈದ್ಯರ ಲೆಕ್ಕವೂ ಅದೇ.

ಉತ್ತರ 2: ಇಬ್ಬರು ಮಕ್ಕಳ ತಾಯಿ, ಹೊಸನಗರ

ನನ್ನದೂ 35 ದಿನದ ತಿಂಗಳೇ ಆಗಿತ್ತು. ಅಕ್ಕ ಹೇಳಿದ ಲೆಕ್ಕ ಅಂದಾಜನ್ನು ಕೊಡುತ್ತದೆ, ಆದರೆ ಒಂದು ತಿಂಗಳು ಪ್ರಯಾಣವೋ ಜ್ವರವೋ ಆಗಿ ಮುಟ್ಟೇ ಮುಂದೆ ಹೋದರೆ ಲೆಕ್ಕವೂ ಅದರೊಂದಿಗೆ ಹೋಗುತ್ತದೆ. ಆದ್ದರಿಂದ ಮೈ ತೋರಿಸುವ ಗುರುತನ್ನೂ ನೋಡಿಕೊಳ್ಳಿ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿರುತ್ತದೆ, ಆಮೇಲೆ ಸ್ವಲ್ಪ ಅಂಟಾದ ಬಿಳಿ ಹೋಗುತ್ತದೆ, ಅಂಡ ಬಿಡುಗಡೆ ಹತ್ತಿರವಾದಂತೆ ಅದು ತೆಳ್ಳಗೆ, ನೀರಿನಂತೆ ತಿಳಿಯಾಗಿ, ಎರಡು ಬೆರಳಿನ ನಡುವೆ ಎಳೆದರೆ ತುಂಡಾಗದೆ ನೂಲಿನಂತೆ ಬರುತ್ತದೆ. ಪುಸ್ತಕಗಳಲ್ಲಿ ಇದನ್ನು ಮೊಟ್ಟೆಯ ಬಿಳಿಯ ಲೋಳೆಗೆ ಹೋಲಿಸುತ್ತಾರೆ. ಮೊಟ್ಟೆಯನ್ನೇ ಒಳಗೆ ತಾರದ ನಮ್ಮ ಮನೆಯಲ್ಲಿ ಅದು ನನಗೆ ಅರ್ಥವಾದದ್ದು ತಲೆಸ್ನಾನಕ್ಕೆ ದಾಸವಾಳದ ಸೊಪ್ಪು ಕಿವುಚಿ ಗೊಂಪು ತೆಗೆಯುತ್ತಿದ್ದಾಗ: ನೀರು ಹೆಚ್ಚಾಗಿ ಗೊಂಪು ಬೆರಳಿನಿಂದ ಜಾರಿ ಇಳಿಯುತ್ತದಲ್ಲ, ಅದೇ ತರಹ. ಅಂಥ ಲೋಳೆ ಕಾಣುವ ದಿನಗಳೇ ಒಳ್ಳೆಯ ದಿನಗಳು. ಅದು ಮತ್ತೆ ಗಟ್ಟಿಯಾಗಿ ಕಡಿಮೆಯಾಯಿತೆಂದರೆ ಕಾಲ ಕಳೆಯಿತು ಎಂದು ತಿಳಿಯಬೇಕು. ತುರಿಕೆ, ಕೆಟ್ಟ ವಾಸನೆ, ಮೊಸರಿನಂಥ ಗರಣೆ ಇದ್ದರೆ ಅದು ಸೋಂಕು, ಈ ಗುರುತಲ್ಲ.

ಔಷಧದ ಅಂಗಡಿಯಲ್ಲಿ ಓವ್ಯುಲೇಷನ್ ಕಿಟ್ ಸಿಗುತ್ತದೆ. ಮೂತ್ರದಲ್ಲಿ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಏರುವುದನ್ನು ಅದು ತೋರಿಸುತ್ತದೆ. ಏರಿದ ಮೇಲೆ ಸುಮಾರು 24ರಿಂದ 36 ಗಂಟೆಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ಮೊದಲ ತಿಂಗಳು ನಾನು ಎರಡು ಗೆರೆ ಕಂಡ ಕೂಡಲೇ ಸಿಕ್ಕಿತೆಂದು ಸಂಭ್ರಮಿಸಿದ್ದೆ. ಇದು ಬಸುರಿನ ಪರೀಕ್ಷೆಯ ಪಟ್ಟಿಯಂತಲ್ಲ, ತೆಳುವಾದ ಎರಡನೆಯ ಗೆರೆ ಹೆಚ್ಚಿನ ದಿನಗಳಲ್ಲಿ ಇದ್ದೇ ಇರುತ್ತದೆ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾಗಬೇಕು, ಇಲ್ಲವೇ ಅದಕ್ಕಿಂತ ಹೆಚ್ಚು. ದಿನವೂ ಒಂದೇ ಹೊತ್ತಿಗೆ, ಮಧ್ಯಾಹ್ನದ ಮೇಲೆ, ಅದಕ್ಕೆ ಮೊದಲು ಎರಡು ಗಂಟೆ ಹೆಚ್ಚು ನೀರು ಕುಡಿಯದೆ ನೋಡುವುದು ಒಳ್ಳೆಯದು. ಪಿಸಿಓಡಿ, ಅಂದರೆ ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ ಇರುವವರಲ್ಲಿ ಎಲ್‌ಎಚ್ ಮೊದಲೇ ಏರಿರುವುದುಂಟು, ಅವರಿಗೆ ಕಿಟ್ ಸುಳ್ಳು ಹೇಳಬಹುದು.

ಬೆಳಗಿನ ಮೈಶಾಖ ಅಳೆಯುವ ವಿಧಾನವನ್ನೂ ಯಾರಾದರೂ ಹೇಳುತ್ತಾರೆ. ಅಂಡ ಬಿಡುಗಡೆಯಾದ ಮೇಲೆ ಶಾಖ ಅರ್ಧ ಡಿಗ್ರಿ ಸೆಲ್ಸಿಯಸ್ಸಿನೊಳಗೆ ಏರಿ ಹಾಗೆಯೇ ನಿಲ್ಲುವುದು ನಿಜ, ಆದರೆ ಅದು ತಿಳಿಯುವ ಹೊತ್ತಿಗೆ ದಿನ ಮುಗಿದಿರುತ್ತದೆ. ಅಡಿಕೆ ಸುಲಿಯುತ್ತ ನಡುರಾತ್ರಿ ಮಾಡಿ, ಐದಕ್ಕೆ ಕೊಟ್ಟಿಗೆಗೆ ಏಳುವ ಮನೆಗಳಲ್ಲಿ ಅದರ ಅಂಕಿ ನೆಟ್ಟಗೂ ಬರುವುದಿಲ್ಲ. ನಾನು ಎರಡೇ ವಾರಕ್ಕೆ ಬಿಟ್ಟೆ.

ಉತ್ತರ 3: ಅಡಿಕೆ ಬೆಳೆಗಾರ, ಸೊರಬ

ಗಂಡಸೊಬ್ಬ ಇಲ್ಲಿ ಬರೆಯುವುದು ಸರಿಯೋ ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ, ಏಕೆಂದರೆ ಇಷ್ಟು ಹೊತ್ತಿನವರೆಗೆ ಯಾರೂ ಯಜಮಾನರ ಪರೀಕ್ಷೆಯ ಮಾತೆತ್ತಿಲ್ಲ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಹೆಂಡತಿಗೆ ಥೈರಾಯ್ಡ್, ಸ್ಕ್ಯಾನ್, ಹಾರ್ಮೋನು ಎಂದು ಒಂದೂವರೆ ವರ್ಷ ಸಾಗರ, ಶಿವಮೊಗ್ಗ ಎಂದು ಅಲೆಸಿದೆವು. ಅಂಡ ಬಲಿಯುವುದನ್ನು ದಿನ ಬಿಟ್ಟು ದಿನ ನೋಡುವ ಫಾಲಿಕ್ಯುಲರ್ ಸ್ಕ್ಯಾನಿಗೆ ಒಂದೇ ತಿಂಗಳಲ್ಲಿ ನಾಲ್ಕು ಸಲ ಬಸ್ಸು ಹತ್ತಿದಳು. ಕೊನೆಗೆ ನನ್ನ ವೀರ್ಯಪರೀಕ್ಷೆ ಮಾಡಿಸಿದಾಗ ಸಂಖ್ಯೆ ಕಡಿಮೆ ಎಂದು ಗೊತ್ತಾಯಿತು. ಮಕ್ಕಳಾಗದ ದಂಪತಿಗಳಲ್ಲಿ ಅರ್ಧದ ಹತ್ತಿರದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆಂದು ವೈದ್ಯರು ಆಮೇಲೆ ಹೇಳಿದರು. ಎಲ್ಲಕ್ಕಿಂತ ಅಗ್ಗದ, ಸೂಜಿಯನ್ನೂ ಚುಚ್ಚದ ಪರೀಕ್ಷೆ ಅದು. ಅದನ್ನೇ ಕೊನೆಗೆ ಇಟ್ಟುಕೊಂಡದ್ದು ನನ್ನ ಸಂಕೋಚದಿಂದ, ಬೇರೆ ಯಾವ ಕಾರಣವೂ ಇರಲಿಲ್ಲ.

ಪರೀಕ್ಷೆಗೆ ಎರಡರಿಂದ ಏಳು ದಿನ ಸಂಗವಿಲ್ಲದೆ ಇರಬೇಕು. ಮಾದರಿ ಒಂದು ಗಂಟೆಯೊಳಗೆ ಮೈಯ ಬೆಚ್ಚಗಿನಲ್ಲಿಯೇ ಲ್ಯಾಬ್ ತಲುಪಬೇಕಾದ್ದರಿಂದ ತೀರ್ಥಹಳ್ಳಿ ಕಡೆಯವರು ಮನೆಯಿಂದ ಡಬ್ಬಿ ಹಿಡಿದು ಶಿವಮೊಗ್ಗದ ಬಸ್ಸು ಹತ್ತುವುದು ವ್ಯರ್ಥ, ಅಲ್ಲಿಯೇ ಕೊಡಬೇಕು. ವರದಿಯಲ್ಲಿ ನೋಡುವುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿಗಳನ್ನು: ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲಿಸುವವು ನೂರಕ್ಕೆ 42. ಒಂದು ವರದಿ ಕಡಿಮೆ ಬಂದರೆ ಎದೆಗುಂದದೆ ಮತ್ತೊಮ್ಮೆ ಮಾಡಿಸಬೇಕು. ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಮೂರು ತಿಂಗಳು ಹಿಡಿಯುವುದರಿಂದ ಇಂದಿನ ವರದಿ ಮೂರು ತಿಂಗಳ ಹಿಂದಿನ ಮೈಸ್ಥಿತಿಯನ್ನು ಹೇಳುತ್ತದೆ. ನನಗೆ ಆ ಬೇಸಿಗೆಯಲ್ಲಿ ಎಂಟು ದಿನ ಜೋರು ಜ್ವರ ಬಂದಿತ್ತು. ಮಂಗನ ಕಾಯಿಲೆಯ ಊರಾದ್ದರಿಂದ ಅದರ ರಕ್ತಪರೀಕ್ಷೆಯನ್ನೂ ಮಾಡಿದ್ದರು, ಅದಲ್ಲವೆಂದಾಯಿತು. ಜೋರು ಜ್ವರ ಯಾವುದೇ ಆದರೂ ಕೆಲವು ತಿಂಗಳು ಸಂಖ್ಯೆಯನ್ನು ತಗ್ಗಿಸಬಲ್ಲದು. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪನ್ನೂ ಬಿಟ್ಟೆ. ನಾಲ್ಕು ತಿಂಗಳ ಮೇಲಿನ ವರದಿ ಸರಿಯಿತ್ತು. ಜ್ವರದಿಂದ ಚೇತರಿಸಿಕೊಂಡದ್ದೋ ಹೊಗೆಸೊಪ್ಪು ಬಿಟ್ಟದ್ದೋ, ಎರಡೂ ಇರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಕ್ಯಾಲೆಂಡರನ್ನು ತೋರಿಸಿ ಹಿಂದಕ್ಕೆ ಎಣಿಸಿ ಹೇಳಿದೆ. ಅವರು ಸುಮ್ಮನೆ ಕೇಳಿ, ತಮಗೆ ಯಾವಾಗಲೂ 27ನೇ ದಿನಕ್ಕೇ ಆಗುತ್ತಿತ್ತೆಂದು ಹೇಳಿದರು. ಮನೆಯವರು ಸೊರಬದವರ ಉತ್ತರವನ್ನು ಎರಡು ಸಲ ಓದಿದ್ದಾರೆ. ಅಡಿಕೆಗೊನೆ ಇಳಿಸುವ ಕೊನೆಗಾರರು ಬಂದು ಕೊಯ್ಲು ಶುರುವಾಗುವ ಮೊದಲೇ ಶಿವಮೊಗ್ಗಕ್ಕೆ ಹೋಗಿಬರೋಣ ಎಂದಿದ್ದಾರೆ. ಇನ್ನೆರಡು ಸಂದೇಹಗಳಿವೆ. ಆ ದಿನಗಳಲ್ಲಿ ದಿನವೂ ಸೇರಿದರೆ ಶಕ್ತಿ ಕುಂದುತ್ತದೆಂಬುದು ನಿಜವೇ? ಪ್ರೊಜೆಸ್ಟೆರಾನ್ ಪರೀಕ್ಷೆಯನ್ನು ಈ ಸಲ ಯಾವ ತಾರೀಖಿಗೆ ಮಾಡಿಸಲಿ?

ಉತ್ತರ 4: ನಿವೃತ್ತ ಶುಶ್ರೂಷಕಿ, ಸಾಗರ

ದಿನವೂ ಅಥವಾ ದಿನ ಬಿಟ್ಟು ದಿನ, ಎರಡೂ ಸರಿ. ಕೂಡಿಟ್ಟುಕೊಳ್ಳುವುದರಿಂದ ಲಾಭವಿಲ್ಲ. ಸುಲಿತದ ಕಾಲದಲ್ಲಿ ದಿನವೂ ಎಂದು ಹಟ ಹಿಡಿದು ಇಬ್ಬರೂ ಬೇಸರಪಟ್ಟುಕೊಳ್ಳುವುದಕ್ಕಿಂತ 2ನೇ ತಾರೀಖಿನಿಂದ ದಿನ ಬಿಟ್ಟು ದಿನ ಸಾಕು.

ಪರೀಕ್ಷೆಯನ್ನು ಈ ಸಲ ಕಿಟ್ ನೋಡಿ ನಿರ್ಧರಿಸಿ. ಗೆರೆ ಗಾಢವಾದದ್ದು ನವೆಂಬರ್ 8ಕ್ಕೆ ಎಂದಾದರೆ 9ಕ್ಕೆ ಅಂಡ ಬಿಡುಗಡೆ ಎಂದು ಹಿಡಿದು 16ಕ್ಕೆ ರಕ್ತ ಕೊಡಿ. ಕಿಟ್ ಸಿಗದಿದ್ದರೆ 14ರಿಂದ 17ರೊಳಗೆ ಒಂದು ದಿನ. ಚೀಟಿಯ ಮೇಲೆ 21ನೇ ದಿನ ಎಂದೇ ಅಚ್ಚಾಗಿದ್ದರೂ ನಿಮ್ಮ ತಾರೀಖನ್ನು ಹೇಳಿ ಬರೆಸಿಕೊಳ್ಳಿ. ಫೋಲಿಕ್ ಆಸಿಡ್ 400 ಮೈಕ್ರೊಗ್ರಾಮ್ ಮಾತ್ರೆಯನ್ನು ಇಂದಿನಿಂದಲೇ ತೆಗೆದುಕೊಳ್ಳಬಹುದು. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುವುದರಿಂದ, ಬಸುರೆಂದು ಗೊತ್ತಾದ ಮೇಲೆ ಶುರುಮಾಡಿದರೆ ತಡವಾಗಿರುತ್ತದೆ. 35 ವರ್ಷದೊಳಗಿನವರಿಗೆ ಒಂದು ವರ್ಷ ಕಾಯಿರಿ ಎನ್ನುವುದು ವಾಡಿಕೆ, 35 ದಾಟಿದವರಿಗೆ ಆರು ತಿಂಗಳು. ನಿಮ್ಮ ಹತ್ತು ತಿಂಗಳುಗಳಲ್ಲಿ ಬಹಳಷ್ಟು ತಪ್ಪು ದಿನಗಳಿಗೇ ಹೋಗಿವೆ. ಎಲ್ಲವೂ ಸರಿಯಿದ್ದವರಿಗೂ ಒಂದು ತಿಂಗಳಲ್ಲಿ ನಿಲ್ಲುವ ಸಾಧ್ಯತೆ ನೂರಕ್ಕೆ ಇಪ್ಪತ್ತು ಇಪ್ಪತ್ತೈದರಷ್ಟೇ. ಆದ್ದರಿಂದ ನವೆಂಬರ್ 21ಕ್ಕೆ ಮತ್ತೊಂದು ಚುಕ್ಕೆ ಬಿದ್ದರೂ ಅದೇ ಕ್ಯಾಲೆಂಡರಿನಲ್ಲಿ ಅಲ್ಲಿಂದ ಹೊಸದಾಗಿ ಎಣಿಸಿ, ರಕ್ತದ ವರದಿ ಮತ್ತು ಯಜಮಾನರ ವರದಿ ಎರಡನ್ನೂ ಒಟ್ಟಿಗೆ ವೈದ್ಯರಿಗೆ ತೋರಿಸಿ.