ಆ 27ನೇ ಔಟ್

ಡೆಟ್ರಾಯ್ಟ್ ಅಕ್ಕ: [ವಿಡಿಯೊ] 2010 ಜೂನ್ 2, ನಮ್ಮೂರ ಬೇಸ್‌ಬಾಲ್ ಮೈದಾನ ಕೊಮೆರಿಕಾ ಪಾರ್ಕ್. ನಮ್ಮ ಟೈಗರ್ಸ್ ತಂಡದ ಪಿಚರ್ (ಚೆಂಡು ಎಸೆಯೋನು) ಅರ್ಮಾಂಡೊ ಗಲರಾಗ ಸತತ 26 ಜನರನ್ನು ಔಟ್ ಮಾಡಿದ್ದ. ಇನ್ನೊಬ್ಬನೇ ಬಾಕಿ. ಏನಾಯ್ತು ನೋಡಿ.

ಮೈಸೂರು ಚಿಕ್ಕಪ್ಪ: ನೋಡಿದೆ. ಅಂಪೈರ್ ಸೇಫ್, ಅಂದ್ರೆ ಔಟಲ್ಲ, ಅಂದರಲ್ಲ, ಮುಗೀತು.

ಡೆಟ್ರಾಯ್ಟ್ ಅಕ್ಕ: ಸರಿಯಾಗಿ ನೋಡಿ ಚಿಕ್ಕಪ್ಪ. ಚೆಂಡು ಗ್ಲೌಸಿನ ತುದಿಯಲ್ಲಿ ಕೂತಿದೆ. ಗಲರಾಗನ ಕಾಲು ಬೇಸ್ ಮೇಲಿದೆ. ಓಡಿ ಬರ್ತಿರೋ ಬ್ಯಾಟರ್ ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ಹಿಂದಿದ್ದಾನೆ. ಅಂದ್ರೆ ಔಟ್.

ದೊಡ್ಡಮ್ಮ: ಪಾಪ, ಹುಡುಗ ಜಗಳ ಆಡೋದು ಬಿಟ್ಟು ನಗ್ತಿದ್ದಾನಲ್ಲ!

ನಾನು: ದೊಡ್ಡಮ್ಮ, ಬಂದ 27 ಜನರಲ್ಲಿ ಒಬ್ಬನನ್ನೂ ಬೇಸ್ ಮುಟ್ಟೋಕೆ ಬಿಡದಿದ್ದರೆ ಪರ್ಫೆಕ್ಟ್ ಗೇಮ್. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆವರೆಗೆ ಆಗಿದ್ದು ಬರೀ 20.

ಮೈಸೂರು ಚಿಕ್ಕಪ್ಪ: ತಪ್ಪು ತೀರ್ಪೇ, ಒಪ್ಪಿದೆ. ಆದರೆ ಮೈದಾನದಲ್ಲಿ ಆಗಿದ್ದನ್ನು ಆಫೀಸಲ್ಲಿ ಕೂತು ತಿದ್ದಬಾರದು. ತೀರ್ಪು ಬದಲಿಸಲ್ಲ ಅಂತ ಲೀಗ್ ಕಮಿಷನರ್ ಸೆಲಿಗ್ ಮಾಡಿದ್ದೇ ಸರಿ.

ಡೆಟ್ರಾಯ್ಟ್ ಅಕ್ಕ: ಅಂಪೈರ್ ಜಿಮ್ ಜಾಯ್ಸ್ ಅವತ್ತು ರಾತ್ರಿಯೇ ತಪ್ಪು ತನ್ನದು ಅಂದರು. ಇನ್ನೇನು ಸಾಕ್ಷಿ ಬೇಕು?

ಭಾವ: ನಾನು ಚಿಕ್ಕಪ್ಪನ ಕಡೆ. 1985ರ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) 6ನೇ ಪಂದ್ಯದಲ್ಲೂ ಫಸ್ಟ್ ಬೇಸಲ್ಲಿ ಹೀಗೇ ಆಯ್ತು. ಸೇಂಟ್ ಲೂಯಿಸ್ ಸೋತಿತು, ಮರುದಿನ ಕಪ್ಪೂ ಕೈತಪ್ಪಿತು. ಅದನ್ನೂ ತಿದ್ತೀಯಾ?

ಡೆಟ್ರಾಯ್ಟ್ ಅಕ್ಕ: ನೀವು ಸುಮ್ನಿರಿ. ಅಲ್ಲಿ ತಿದ್ದಿದರೆ ಪಂದ್ಯವೇ ಬೇರೆ. ಇಲ್ಲಿ ಗಲರಾಗ ಮುಂದಿನವನನ್ನೂ ಔಟ್ ಮಾಡಿದ. 3-0 ಗೆಲುವು ಹಾಗೇ ಇರುತ್ತೆ. ಡೊನಾಲ್ಡ್‌ನ ಆ ಒಂದು ಹಿಟ್ (ಬೇಸ್ ತಲುಪಿಸಿದ ಹೊಡೆತ) ಅಳಿಸಿದರೆ ಮುಗೀತು.

ಮೈಸೂರು ಚಿಕ್ಕಪ್ಪ: ದಾಖಲೆ ಅಂದ್ರೆ ಸ್ಲೇಟಾ, ಒರೆಸೋಕೆ?

ನಾನು: ಒರೆಸಿದ್ದಾರೆ ಚಿಕ್ಕಪ್ಪ. ಪಿಚರ್ ಹಾರ್ವಿ ಹ್ಯಾಡಿಕ್ಸ್ 1959ರಲ್ಲಿ 12 ಇನ್ನಿಂಗ್ಸ್ ಒಬ್ಬನನ್ನೂ ಬಿಡಲಿಲ್ಲ, 13ರಲ್ಲಿ ಸೋತ. 1991ರಲ್ಲಿ ನೋ-ಹಿಟ್ಟರ್ (ಒಂದೂ ಹಿಟ್ ಕೊಡದ ಪಂದ್ಯ) ಪಟ್ಟಿಯಿಂದ ಅದನ್ನು ಕಿತ್ತರು.

ಮೈಸೂರು ಚಿಕ್ಕಪ್ಪ: ಅವರು ಬದಲಾಯಿಸಿದ್ದು ವ್ಯಾಖ್ಯೆ ಕಣೋ, ಅಂಪೈರ್ ತೀರ್ಪನ್ನಲ್ಲ. 2014ರಿಂದ ಇಂಥದ್ದಕ್ಕೂ ರೀಪ್ಲೇ ತಂದರಲ್ಲ, ಅದು ಸರಿಯಾದ ದಾರಿ.

ಡೆಟ್ರಾಯ್ಟ್ ಅಕ್ಕ: ಆಹಾ, ಮುಂದಿನವರಿಗೆ ನ್ಯಾಯ, ಇವನಿಗೆ ಸಮಾಧಾನಕ್ಕೆ ಒಂದು ಕಾರ್ವೆಟ್ ಕಾರು!

ದೊಡ್ಡಮ್ಮ: ಆ ಅಂಪೈರ್ ಕಥೆ ಏನಾಯ್ತೇ?

ಡೆಟ್ರಾಯ್ಟ್ ಅಕ್ಕ: ಮರುದಿನ ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟ್ ಹಿಂದೆ ಅವರೇ ಅಂಪೈರ್ ಆಗಿ ನಿಂತಿದ್ದರು. ಆಟಗಾರರ ಪಟ್ಟಿ ಕೊಡೋಕೆ ತಂಡದವರು ಗಲರಾಗನನ್ನೇ ಕಳಿಸಿದರು. ಜಾಯ್ಸ್ ಅಲ್ಲೇ ಕಣ್ಣೊರೆಸಿಕೊಂಡರು.

ಮೈಸೂರು ಚಿಕ್ಕಪ್ಪ: ನೋಡು, ಅವನೇ ಬಿಟ್ಟಿದ್ದಾನೆ. ನಿನಗ್ಯಾಕೆ ಇಷ್ಟು ಸಿಟ್ಟು?

ಡೆಟ್ರಾಯ್ಟ್ ಅಕ್ಕ: ಕ್ಷಮಿಸಿದ್ದಾನೆ, ಬಿಟ್ಟಿಲ್ಲ. ಅದನ್ನು ಪರ್ಫೆಕ್ಟ್ ಗೇಮ್ ಅಂತ ಒಪ್ಪಿಕೊಳ್ಳಿ ಅಂತ 2020ರಲ್ಲಿ ಅವನೇ ಕೇಳಿದ.

ಮೈಸೂರು ಚಿಕ್ಕಪ್ಪ: ಕೇಳಲಿ. ನನ್ನ ವೋಟು ಸೆಲಿಗ್‌ಗೇ.

ದೊಡ್ಡಮ್ಮ: ನನ್ನದು ಹುಡುಗನಿಗೆ. ಕೊಟ್ಟುಬಿಡ್ರೋ ಅತ್ಲಾಗೆ.